ಸಾಯುವ ಮೊದಲೇ ಸತ್ತವರ ಖಾತೆ

"ಈ ಸಾಲು ಅವಳದ್ದಲ್ಲ," ಎಂದರು ಮೇಷ್ಟ್ರು.

ಇನ್‌ಸ್ಪೆಕ್ಟರ್ ಮೇಡಂ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಕೂತರು. ಪರದೆಯ ತುಂಬ ಇರುವೆ ಹರಿದಂತೆ ಅಕ್ಷರಗಳು. ಅವರ ಕಣ್ಣಿಗೆ ಎಲ್ಲ ಸಾಲೂ ಒಂದೇ ಥರ ಕಂಡವು.

"ಕಂಪ್ಯೂಟರ್ ಅಕ್ಷರಕ್ಕೂ ಕೈಬರಹ ಅಂತ ಇರುತ್ತಾ ಸರ್?"

"ಇರುತ್ತೆ. ಎರಡು ವರ್ಷ ದಿನಾ ಸಂಜೆ ಅವಳು ಬರೆದದ್ದನ್ನ ತಿದ್ದಿದ್ದೀನಿ. ಅವಳ ಸಾಲು ಕತ್ತಲಲ್ಲಿ ಮುಟ್ಟಿದ್ರೂ ಗೊತ್ತಾಗುತ್ತೆ ನನಗೆ."

ಸೊನ್ನೆ, ಮೇಷ್ಟ್ರ ಆ ಶಿಷ್ಯೆ, ಸತ್ತು ಅಂದಿಗೆ ಒಂಬತ್ತು ದಿನ. ನೀರು ಸರಬರಾಜು ಇಲಾಖೆಯ ನಿವೃತ್ತ ನೌಕರರ ಉಳಿತಾಯ ಸಂಘಕ್ಕೆ ಖಾತೆಗಳ ಪ್ರೋಗ್ರಾಂ ಬರೆದುಕೊಟ್ಟವಳು ಅವಳು. ಆ ಸಂಘದ ಕಟ್ಟಡದ ಹಿಂದಿನ ಮೆಟ್ಟಿಲ ಬುಡದಲ್ಲೇ ಕತ್ತು ಮುರಿದು ಬಿದ್ದಿದ್ದಳು. ಜಾರಿದಳು ಎಂದು ಸಂಘದ ಮ್ಯಾನೇಜರ್ ಹೇಳಿಕೆ ಕೊಟ್ಟಿದ್ದ. ತಳ್ಳಿದ್ದಾರೆ ಎಂದು ಡಾಕ್ಟರ್ ಬರೆದಿದ್ದರು.

ಸೊನ್ನೆ ಎಂಬುದು ತರಗತಿಯಲ್ಲಿ ಅಂಟಿಕೊಂಡ ಹೆಸರು. ಮೇಷ್ಟ್ರು ಪ್ರತಿ ಹೊಸ ತಂಡಕ್ಕೂ ಕೊಡುತ್ತಿದ್ದ ಮೊದಲ ಪಾಠ ಒಂದೇ: ಒಂದು ಬ್ಯಾಂಕ್ ಖಾತೆ ಬರೆಯಿರಿ. ಖಾತೆಗೊಂದು ನಂಬರು, ಒಂದು ಹೆಸರು, ಒಂದು ಉಳಿಕೆ. ಹಣ ಹಾಕುವುದು, ಹಣ ತೆಗೆಯುವುದು, ಎಷ್ಟಿದೆ ಎಂದು ಹೇಳುವುದು, ಇಷ್ಟೇ ಕೆಲಸ. ಎಲ್ಲರೂ ಬರೆದು ಮುಗಿಸಿ ಎದ್ದರೂ ಆ ಹುಡುಗಿ ಕೂತೇ ಇದ್ದಳು.

"ಸರ್, ಯಾರಾದ್ರೂ ಬಂದು ಸೊನ್ನೆ ರೂಪಾಯಿ ತೆಗೀತೀನಿ ಅಂದ್ರೆ? ಕೊಡಬೇಕಾ, ಬೈದು ಕಳಿಸಬೇಕಾ?"

ಇಡೀ ತರಗತಿ ಗೊಳ್ಳೆಂದಿತ್ತು. ಮೇಷ್ಟ್ರು ನಕ್ಕಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಈಗ ಅದೇ ಪಾಠ, ಹತ್ತುಪಟ್ಟು ಬೆಳೆದು, ಸಂಘದ ಈ ಹಿಂಬದಿ ಕೋಣೆಯ ಪರದೆಯ ಮೇಲೆ ಉರಿಯುತ್ತಿತ್ತು.

"ಇದು ಹಣ ತೆಗೆಯೋ ಭಾಗ," ಎಂದು ಮೇಷ್ಟ್ರು ಪೆನ್ಸಿಲಿನ ತುದಿಯಿಂದ ತೋರಿಸಿದರು. "ಕೌಂಟರಿಗೆ ಯಾರೇ ಬಂದು ದುಡ್ಡು ಕೇಳಲಿ, ಮಷಿನ್ ಇಲ್ಲಿಗೆ ಬಂದು ಮೂರು ಪ್ರಶ್ನೆ ಕೇಳುತ್ತೆ. ಕೇಳಿದ್ದು ಸೊನ್ನೆಗಿಂತ ಜಾಸ್ತಿನಾ? ಖಾತೆಯಲ್ಲಿ ಅಷ್ಟು ಇದೆಯಾ? ಖಾತೆದಾರ ಬದುಕಿದ್ದಾನಾ?"

"ಬದುಕಿದ್ದಾನಾ ಅಂತಲೂ ಕೇಳುತ್ತಾ?"

"ನಿವೃತ್ತರ ಸಂಘ ಮೇಡಂ. ತಿಂಗಳಿಗೆ ಒಬ್ಬಿಬ್ಬರು ಹೋಗ್ತಾನೇ ಇರ್ತಾರೆ. ಮೃತ ಅಂತ ಬರೆದ ತಕ್ಷಣ ಖಾತೆಗೆ ಬೀಗ. ವಾರಸುದಾರರು ಮರಣ ಪ್ರಮಾಣಪತ್ರ ತರೋವರೆಗೆ ಒಂದು ಕಾಸೂ ಆಚೆ ಹೋಗಲ್ಲ."

ಪ್ರತಿ ಪ್ರಶ್ನೆಯ ಮೇಲೂ ಸೊನ್ನೆ ತನ್ನದೇ ಮಾತಿನಲ್ಲಿ ಒಂದು ಟಿಪ್ಪಣಿ ಬರೆದಿದ್ದಳು. 'ಅವಸರ ಬೇಡ, ಮೊದಲು ಉಳಿಕೆ ನೋಡು.' 'ಸತ್ತವರ ದುಡ್ಡು ಸತ್ತವರ ಮಕ್ಕಳದ್ದು.' ಮೇಷ್ಟ್ರು ಓದುವಾಗ ಅವಳ ದನಿಯೇ ಕಿವಿಗೆ ಬಿದ್ದಂತಾಗಿ ಒಂದು ಗಳಿಗೆ ಪೆನ್ಸಿಲು ನಿಂತಿತು.

"ಇಲ್ಲಿ ನೋಡಿ. ನಾಲ್ಕನೇ ಸಾಲು. ಟಿಪ್ಪಣಿ ಇಲ್ಲ. ಅವಳು ಪೂರ್ತಿ ಪದ ಬರೀತಿದ್ದಳು, ಇಲ್ಲಿ ಬರೀ ಒಂದೊಂದು ಅಕ್ಷರ. ಕಳ್ಳ ಬೆಕ್ಕಿನ ಹಾಗೆ ನುಸುಳಿ ಕೂತಿದೆ. ಮ್ಯಾನೇಜರನ ಗುಪ್ತಪದ ಹಾಕಿದ್ರೆ ಮೂರನೇ ಪ್ರಶ್ನೆ ಬಿಟ್ಟುಬಿಡು, ದುಡ್ಡು ಕೊಡು ಅಂತಿದೆ ಇದು."

ಮೇಡಂ ಬೆನ್ನು ನೆಟ್ಟಗಾಯಿತು. "ಅಂದ್ರೆ ಸತ್ತವರ ದುಡ್ಡನ್ನ ಮ್ಯಾನೇಜರ್ ನುಂಗಿದ್ದಾನೆ. ಅವಳಿಗೆ ಗೊತ್ತಾಯ್ತು. ಮೆಟ್ಟಿಲಿಂದ ತಳ್ಳಿದ. ಸರಿ ಹೋಯ್ತಲ್ಲ."

ಮೇಷ್ಟ್ರು ತಲೆಯಾಡಿಸಲಿಲ್ಲ. ಯಾವುದೋ ಒಂದು ಕಡೆ ಲೆಕ್ಕ ಕೂಡುತ್ತಿರಲಿಲ್ಲ. ಫೈಲಿನ ತಾರೀಖಿನ ಪ್ರಕಾರ ಆ ಸಾಲಿಗೆ ಎರಡು ವರ್ಷ. ಎರಡು ವರ್ಷ ಸುಮ್ಮನಿದ್ದವಳು ಒಂಬತ್ತು ದಿನದ ಹಿಂದೆ, ಯಾರೂ ಕರೆಯದೆ, ಈ ಕಟ್ಟಡಕ್ಕೆ ಓಡಿಬಂದದ್ದು ಏಕೆ?

ಅಷ್ಟರಲ್ಲಿ ಅವರ ಫೋನು ನಡುಗಿತು. ಸೊನ್ನೆಯ ಅಕ್ಕ.

"ಸರ್, ಅವಳದೊಂದು ನೋಟ್‌ಬುಕ್ ಸಿಕ್ಕಿದೆ. ಬಟ್ಟೆ ತುಂಡುಗಳ ಚೀಲದೊಳಗೆ ಇಟ್ಟಿದ್ದಳು. ಪೊಲೀಸರಿಗೆ ಕೊಡೋಕೆ ಭಯ. ನೀವು ಬನ್ನಿ."

ಅಕ್ಕನದು ಹೊಲಿಗೆ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟು ಜಾಗ. ಅರ್ಧ ಹೊಲಿದ ಶಾಲೆಯ ಅಂಗಿಗಳು ತೋಳಿಲ್ಲದೆ ಗೋಡೆಗೆ ನೇತುಬಿದ್ದಿದ್ದವು. ಮೇಷ್ಟ್ರ ಹಿಂದೆ ಸಮವಸ್ತ್ರ ಕಂಡಾಗ ಅಕ್ಕನ ಕೈ ಚೀಲದ ಮೇಲೆ ಬಿಗಿಯಾಯಿತು.

"ನನ್ನ ಜೊತೆಗೇ ಬಂದಿದ್ದಾರೆ ತಾಯಿ. ಹೆದರಬೇಡ," ಎಂದರು ಮೇಷ್ಟ್ರು.

ಅಕ್ಕ ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ಹೇಳತೊಡಗಿದಳು.

"ಸಾಯೋಕೆ ಒಂದು ವಾರ ಮುಂಚೆ ಅವಳಿಗೊಂದು ಫೋನ್ ಬಂತು. ಯಾರೋ ತಾತ, ಸಂಘದ ಸದಸ್ಯರು, ಇಲಾಖೆಯಲ್ಲಿ ವಾಲ್ವ್ ತಿರುಗಿಸೋ ಕೆಲಸದಲ್ಲಿದ್ದರಂತೆ. ಕಿವಿ ಸ್ವಲ್ಪ ಮಂದ, ಫೋನಲ್ಲೂ ಕಿರುಚ್ತಿದ್ರು, ನನಗೇ ಕೇಳಿಸ್ತಿತ್ತು. 'ಮಗಳೇ, ನಿನ್ನ ಮಷಿನು ನನ್ನ ಸಾಯಿಸಿಬಿಟ್ಟಿದೆ ಕಣಮ್ಮಾ! ಒಂದು ಸಲ ಬಂದು ಬದುಕಿಸಿ ಹೋಗು!' ಅಂತ. ಇವಳೂ ನಕ್ಕಳು, ನಾನೂ ನಕ್ಕೆ."

"ಏನಾಗಿತ್ತು?" ಮೇಡಂ ಕೇಳಿದರು.

"ಕಿವಿಗೆ ಹಾಕೋ ಮಷಿನ್ ಕೊಳ್ಳೋಕೆ ದುಡ್ಡು ತೆಗೆಯೋಕೆ ಹೋಗಿದ್ದಾರೆ. ಸಿಸ್ಟಂ ಕೆಟ್ಟಿದೆ, ಸೋಮವಾರ ಬನ್ನಿ ಅಂದ್ರಂತೆ. ತಾತ ಕಿಟಕಿಯಲ್ಲಿ ತಲೆ ತೂರಿಸಿ ಪರದೆ ನೋಡಿದ್ದಾರೆ. 'ಖಾತೆದಾರರು ಮೃತ' ಅಂತ ಕೆಂಪಕ್ಷರದಲ್ಲಿತ್ತಂತೆ."

"ಆಮೇಲೆ?"

"ಭಾನುವಾರ ತಾತ ಸತ್ತೇ ಹೋದ್ರು. ಬಚ್ಚಲಲ್ಲಿ ಬಿದ್ದರಂತೆ. ಒಬ್ಬರೇ ಇದ್ದದ್ದು ಮನೇಲಿ." ಚಕ್ರ ನಿಂತಿತು. "ಅವತ್ತಿಂದ ನನ್ನ ತಂಗಿ ಸರಿಯಾಗಿ ಒಂದು ತುತ್ತು ತಿನ್ನಲಿಲ್ಲ ಸರ್. ನನ್ನ ಪ್ರೋಗ್ರಾಮಲ್ಲೇ ಏನೋ ತಪ್ಪಿದೆ, ನಾನೇ ಎಲ್ಲೋ ಎಡವಿದ್ದೀನಿ ಅಂತ ಒಂದೇ ಸಮ ಹುಡುಕಿದಳು. ಕೊನೇ ದಿನ ಹೊಸಲು ದಾಟೋವಾಗ ಕೇಳಿದಳು: ಅಕ್ಕ, ಬದುಕಿರೋರನ್ನ ಸತ್ತರು ಅಂತ ಬರೆದರೆ ಅದು ತಪ್ಪಾ, ಅಪರಾಧವಾ? ನಾನು ಅಂಗಿಗೆ ಗುಂಡಿ ಹಾಕ್ತಾ ಇದ್ದೆ. ತಲೆ ತಿನ್ನಬೇಡ ಹೋಗೇ ಅಂದೆ. ಅದೇ ನಾನು ಅವಳಿಗೆ ಆಡಿದ ಕೊನೇ ಮಾತು."

ಮೇಡಂ ನೋಟ ಬೇರೆ ಕಡೆ ಹೊರಳಿಸಿದರು. ಮೇಷ್ಟ್ರು ಅಕ್ಕನ ಕೈಯಿಂದ ಚೀಲ ತೆಗೆದುಕೊಂಡರು. ನೋಟ್‌ಬುಕ್ ಬಿಚ್ಚಿದರು.

ಮಧ್ಯದ ಹಾಳೆಯಲ್ಲಿ ನಾಲ್ಕು ಖಾತೆ ನಂಬರುಗಳು. ಪ್ರತಿಯೊಂದರ ಮುಂದೆ ಎರಡು ತಾರೀಖು. ಮೊದಲನೆಯದರ ತಲೆಯ ಮೇಲೆ 'ಮಷಿನ್', ಎರಡನೆಯದರ ಮೇಲೆ 'ಪ್ರಮಾಣಪತ್ರ, ಸತ್ತ ದಿನ'.

"ಇದೇನು?" ಎಂದರು ಮೇಡಂ.

"ಖಾತೆಯನ್ನ ಮೃತ ಅಂತ ಬದಲಾಯಿಸುವಾಗ ಗುಮಾಸ್ತರು ಒಂದು ತಾರೀಖು ತಾವೇ ಟೈಪ್ ಮಾಡ್ತಾರೆ. ಅದನ್ನ ಹೇಗೆ ಬೇಕಾದ್ರೂ ಹಾಕಬಹುದು. ಆದ್ರೆ ಇವಳು ಇನ್ನೊಂದು ಮಾಡಿಟ್ಟಿದ್ದಳು. ಬದಲಾವಣೆ ಆದ ಕ್ಷಣದ ನಿಜವಾದ ಹೊತ್ತನ್ನ ಮಷಿನ್ ತಾನಾಗೇ ಬೇರೆ ಕಡೆ ಬರೆದುಕೊಳ್ಳುತ್ತೆ. ಅದು ಪರದೆ ಮೇಲೆ ಕಾಣಲ್ಲ. ಅಲ್ಲೊಂದು ಲೆಕ್ಕ ಇದೆ ಅಂತ ಸಂಘದಲ್ಲಿ ಯಾರಿಗೂ ಗೊತ್ತಿಲ್ಲ."

ಮೇಡಂ ಬೆರಳಿಟ್ಟು ಎಣಿಸಿದರು. ಒಂದು ಸಲ ಎಣಿಸಿ, ಮತ್ತೆ ಎಣಿಸಿದರು.

ಮೊದಲ ಖಾತೆ: ಸತ್ತ ದಿನಕ್ಕಿಂತ ಮೂರು ದಿನ ಮುಂಚೆ ಮಷಿನ್. ಎರಡನೆಯದು ಎರಡು ದಿನ. ಮೂರನೆಯದು ಐದು. ನಾಲ್ಕನೆಯದು, ವಾಲ್ವ್ ತಾತನದು, ಮೂರು.

ನಾಲ್ವರನ್ನೂ, ಸಾಯುವ ಮೊದಲೇ, ಯಾರೋ ಕೂತು ಸಾಯಿಸಿದ್ದರು.

"ಯಾಕೆ ಮೊದಲೇ?" ಮೇಡಂ ಪಿಸುಗುಟ್ಟಿದರು. "ಸತ್ತ ಮೇಲೆ ಬರೆದಿದ್ರೆ ಯಾರಿಗೂ ಅನುಮಾನವೇ ಬರ್ತಿರಲಿಲ್ಲ."

ಮೇಷ್ಟ್ರು ಹಾಳೆ ತಿರುವಿದರು. "ಬೀಗ ಮೇಡಂ. ಬದುಕಿರೋರು ಬಂದು ತಮ್ಮ ದುಡ್ಡು ತೆಗೆದುಬಿಟ್ರೆ ಕೊಂದು ಏನು ಬಂತು? ಮೊದಲು ಖಾತೆಗೆ ಬೀಗ. ಆಮೇಲೆ ಮನುಷ್ಯನಿಗೆ."

ಕೊನೆಯ ಹಾಳೆಯಲ್ಲಿ ಸೊನ್ನೆ ಪೆನ್ಸಿಲಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದಳು, ಹನ್ನೆರಡೇ ಸಾಲು. ಮೇಲಿನ ಟಿಪ್ಪಣಿ ಅವಳದ್ದೇ ಮಾತಿನ ಧಾಟಿಯಲ್ಲಿತ್ತು: 'ಮೃತ ಅಂತ ಬರೆದಿದೆ, ಆದರೆ ಪ್ರಮಾಣಪತ್ರದ ನಂಬರು ಇಲ್ಲ. ಅಂಥವರ ಪಟ್ಟಿ ಕೊಡು. ದಿನಾ ಬೆಳಿಗ್ಗೆ ನೋಡಬೇಕು. ಪಟ್ಟಿ ಖಾಲಿ ಇರಬೇಕು.'

ಮೇಷ್ಟ್ರು ನೋಟ್‌ಬುಕ್ಕನ್ನು ಎದೆಗೆ ಅವುಚಿಕೊಂಡು ಜೀಪು ಹತ್ತಿದರು. ದಾರಿಯಲ್ಲಿ ಮೇಡಂಗೆ ಫೋನು ಬಂತು: ಮ್ಯಾನೇಜರನ ಗುಪ್ತಪದದಿಂದ ಹಣ ಹೋದ ಮನೆಗಳಿಗೆ ಕಳಿಸಿದ್ದ ಪೇದೆಗಳು ವಾಪಸಾಗಿದ್ದರು.

ಸಂಘದಲ್ಲಿ ಮಧ್ಯಾಹ್ನದ ಜೋಂಪು. ಕೌಂಟರಿನ ಹಿಂದೆ ಎಂದಿನ ಇಬ್ಬರೇ. ಕ್ಯಾಷಿಯರ್, ಮ್ಯಾನೇಜರನ ಹೆಂಡತಿಯ ತಂಗಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಚೀಟಿಗಳನ್ನು ಜೋಡಿಸುತ್ತಿದ್ದಳು. ಪಕ್ಕದಲ್ಲಿ ಲೆಡ್ಜರ್ ಮಾಮ. ಮೂವತ್ತೆಂಟು ವರ್ಷ ಕೈಯಲ್ಲೇ ಲೆಕ್ಕ ಬರೆದು, ಕಂಪ್ಯೂಟರ್ ಬಂದ ದಿನ ಊಟ ಬಿಟ್ಟಿದ್ದ ಗುಮಾಸ್ತ. ಮೇಷ್ಟ್ರನ್ನು ಕಂಡು ಕನ್ನಡಕ ಏರಿಸಿದ.

"ಏನು ಮೇಷ್ಟ್ರೇ, ಮಷಿನ್ ಏನಾದ್ರೂ ಬಾಯಿ ಬಿಡ್ತಾ?"

"ನಿಧಾನಕ್ಕೆ ಬಿಡುತ್ತೆ ಮಾಮ."

ಹಿಂಬದಿ ಕೋಣೆಯಲ್ಲಿ ಮೇಷ್ಟ್ರು ಆ ಹನ್ನೆರಡು ಸಾಲನ್ನು ಒಂದೊಂದಾಗಿ ಟೈಪ್ ಮಾಡಿದರು. ಬೆರಳು ತಪ್ಪಿದ ಕಡೆ ಅಳಿಸಿ ಮತ್ತೆ ಹೊಡೆದರು. ಓಡಿಸಿದರು. ನಾನೂರ ಹನ್ನೆರಡು ಖಾತೆಗಳ ಮೇಲೆ ಪ್ರೋಗ್ರಾಂ ಕ್ಷಣದಲ್ಲಿ ಹಾದುಹೋಯಿತು.

ಪಟ್ಟಿ ಖಾಲಿ.

"ಸದ್ಯ," ಎಂದು ಮೇಡಂ ಉಸಿರು ಬಿಟ್ಟರು. "ಇನ್ನು ಆ ಮನುಷ್ಯನನ್ನ ಕರೆಸಿ."

ಮ್ಯಾನೇಜರ್ ನಗುನಗುತ್ತಲೇ ಒಳಬಂದ. ದುಂಡು ಮೈ, ನುಣುಪು ಮಾತು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು.

"ಹೇಳಿ ಮೇಡಂ. ನಾಲ್ಕೂವರೆಗೆ ಕಮಿಟಿ ಮೀಟಿಂಗ್ ಇದೆ, ಅಷ್ಟರಲ್ಲಿ ಬಿಟ್ಟುಕೊಟ್ರೆ ಉಪಕಾರ."

"ಕೂತ್ಕೊಳ್ಳಿ. ಸತ್ತವರ ಖಾತೆಯಿಂದ ನಿಮ್ಮ ಗುಪ್ತಪದ ಹಾಕಿ ಹಣ ತೆಗೆದದ್ದು ಹನ್ನೊಂದು ಸಲ. ಹೌದಾ, ಅಲ್ವಾ?"

"ವಾರಸುದಾರರು ಕಷ್ಟದಲ್ಲಿರ್ತಾರೆ. ಪ್ರಮಾಣಪತ್ರ ತಡ ಆಗುತ್ತೆ. ಮಾನವೀಯತೆ ಅಂತ ಒಂದು…"

"ಹನ್ನೊಂದು ಮನೆಗೂ ನಮ್ಮವರು ಹೋಗಿ ಬಂದಿದ್ದಾರೆ. ಆ ಮಾನವೀಯತೆ ಒಬ್ಬರ ಕೈಗೂ ತಲುಪಿಲ್ಲ."

ನಗು ಮುಖದಿಂದ ಜಾರಿತು. ಅವನು ಪೆನ್ನೊಂದನ್ನು ತೆಗೆದು ಮುಚ್ಚಳ ಬಿಚ್ಚಿದ, ಹಾಕಿದ.

"ಸರಿ. ತಪ್ಪಾಗಿದೆ. ಇಲಾಖೆ ವಿಚಾರಣೆ ಆಗಲಿ, ಕಟ್ಟಿಕೊಡ್ತೀನಿ."

"ಸೊನ್ನೆಯ ಜೀವವನ್ನೂ ಕಟ್ಟಿಕೊಡ್ತೀರಾ?" ಮೇಷ್ಟ್ರ ದನಿ ತಮಗೇ ಗುರುತು ಸಿಗದಷ್ಟು ಒಡೆದಿತ್ತು.

"ಮೇಷ್ಟ್ರೇ! ಅವಳನ್ನ ನಾನು ಮುಟ್ಟಿಲ್ಲ. ನನ್ನ ಮಕ್ಕಳಾಣೆ!"

ಮೇಡಂ ನೋಟ್‌ಬುಕ್ಕನ್ನು ಅವನ ಮುಂದೆ ತಳ್ಳಿದರು. "ಇದನ್ನ ಓದಿ. ಈ ನಾಲ್ವರನ್ನ ಸಾಯೋ ಮೊದಲೇ ಮೃತ ಅಂತ ಬರೆದಿದ್ದೀರಿ. ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?"

ಅವನು ಓದಿದ. ತುಟಿ ಅಲ್ಲಾಡುತ್ತಿತ್ತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮುಖ ಸುಣ್ಣದ ಗೋಡೆಯಂತಾಗಿತ್ತು. ಕಳ್ಳತನ ಸಿಕ್ಕಿಬಿದ್ದಾಗ ಮನುಷ್ಯನ ಮುಖ ಹೇಗಾಗುತ್ತದೆ ಎಂಬುದನ್ನು ಮೇಷ್ಟ್ರು ಪರೀಕ್ಷಾ ಕೊಠಡಿಗಳಲ್ಲಿ ಸಾಕಷ್ಟು ನೋಡಿದ್ದರು. ಇದು ಅದಲ್ಲ. ಈ ಮುಖದಲ್ಲಿದ್ದದ್ದು ಭಯ.

"ಇದು… ತಾರೀಖು ತಪ್ಪಿರಬೇಕು."

"ಮಷಿನ್ ತಾನೇ ಹಾಕಿದ್ದು. ತಪ್ಪೋದಿಲ್ಲ."

"ನಾನು ಬರೆದದ್ದಲ್ಲ ಮೇಡಂ! ಯಾರನ್ನೂ ನಾನು ಮೃತ ಅಂತ ಬದಲಾಯಿಸಿಲ್ಲ. ನನಗೆ ಚೀಟಿ ಬರ್ತಿತ್ತು."

"ಎಂಥ ಚೀಟಿ?"

"ಬೆಳಿಗ್ಗೆ ಬಂದಾಗ ಮೇಜಿನ ಡ್ರಾಯರಲ್ಲಿ ಇರ್ತಿತ್ತು. ಪಾಸ್‌ಬುಕ್ ಪ್ರಿಂಟರಲ್ಲಿ ಅಚ್ಚು ಹಾಕಿದ್ದು. ಒಂದು ಖಾತೆ ನಂಬರು, ಅಷ್ಟೇ. ಮೊದಲ ಚೀಟಿಯಲ್ಲಿ ಮಾತ್ರ ಎರಡು ಸಾಲು ಇತ್ತು: ನಿನ್ನ ಗುಪ್ತಪದ ಹಾಕು, ದುಡ್ಡು ಬರುತ್ತೆ, ಅರ್ಧ ಹಾಜರಿ ಪುಸ್ತಕದ ಕಪಾಟಿನಲ್ಲಿಡು. ನೋಡಿದೆ. ಬಂತು. ಆ ಖಾತೆದಾರರು ಸತ್ತೂ ಹೋಗಿದ್ರು. ಯಾರೋ ಒಳಗಿನವರಿಗೆ ಸಾವಿನ ಸುದ್ದಿ ಬೇಗ ಗೊತ್ತಾಗುತ್ತೆ, ನನ್ನ ಜೊತೆ ಹಂಚಿಕೊಳ್ತಿದ್ದಾರೆ ಅಂದುಕೊಂಡೆ."

"ಯಾರು ಅಂತ ಹುಡುಕಲಿಲ್ವಾ?"

ಅವನು ತಲೆ ತಗ್ಗಿಸಿದ. "ದುಡ್ಡು ಬರ್ತಿತ್ತಲ್ಲ ಮೇಡಂ. ಯಾಕೆ ಹುಡುಕಲಿ?"

"ಆ ನಾಲ್ಕನೇ ಸಾಲು?" ಮೇಷ್ಟ್ರು ಕೇಳಿದರು. "ಪ್ರೋಗ್ರಾಂ ಒಳಗೆ ಕೈಹಾಕಿ ಬರೆದವರು ಯಾರು?"

"ನನಗೆ ಈಮೇಲ್ ತೆರೆಯೋದಕ್ಕೇ ಇನ್ನೊಬ್ಬರು ಬೇಕು ಮೇಷ್ಟ್ರೇ. ಇಡೀ ಆಫೀಸಿಗೆ ಗೊತ್ತು ಅದು."

ಅದು ನಿಜವೇ. ಒಂಬತ್ತು ದಿನದಲ್ಲಿ ಮೇಷ್ಟ್ರೇ ಎರಡು ಸಲ ತೆರೆದುಕೊಟ್ಟಿದ್ದರು.

ಮೇಡಂ ಬಿಡಲಿಲ್ಲ. "ಕಥೆ ಚೆನ್ನಾಗಿದೆ. ಚೀಟಿ ತೋರಿಸಿ."

"ಹರಿದು ಹಾಕ್ತಿದ್ದೆ."

"ಒಳ್ಳೇ ಅನುಕೂಲ."

"ನಂಬಿ ಮೇಡಂ! ಆ ಹುಡುಗಿ ಅವತ್ತು ಬಂದಾಗ ನಾನು ಬ್ಯಾಂಕಿಗೆ ಹೋಗಿದ್ದೆ. ವಾಪಸ್ ಬಂದಾಗ ಮೆಟ್ಟಿಲ ಹತ್ತಿರ ಜನ ಸೇರಿದ್ರು. ಜಾರಿಬಿದ್ದಳು ಅಂತ ನನಗೆ ಹೇಳಿದ್ರು, ಅದನ್ನೇ ನಿಮಗೆ ಹೇಳಿದೆ."

"ಯಾರು ಹೇಳಿದ್ದು?"

ಅವನು ಬಾಯಿ ತೆರೆದ. ನೋಟ ಮುಚ್ಚಿದ್ದ ಬಾಗಿಲ ಕಡೆ ಹೋಯಿತು. ಬಾಯಿ ಮುಚ್ಚಿಕೊಂಡಿತು.

"ಈ ನಿಮ್ಮ ಮಷಿನೇ ಸುಳ್ಳು ಹೇಳ್ತಿದೆ ಅಂತ ಯಾಕಾಗಬಾರದು?" ಎಂದ, ಇದ್ದಬದ್ದ ಧೈರ್ಯವೆಲ್ಲ ಒಟ್ಟುಮಾಡಿ. "ಸತ್ತ ಹುಡುಗಿಯ ನೋಟ್‌ಬುಕ್ ಇಟ್ಟುಕೊಂಡು ನನ್ನ ಕೊಲೆಗಾರ ಮಾಡ್ತೀರಾ?"

ಮೇಷ್ಟ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸೊನ್ನೆಯ ಕೆಲಸವನ್ನು ಸುಳ್ಳು ಎಂದನಲ್ಲ. "ಬನ್ನಿ ಇಲ್ಲಿ. ನಿಮ್ಮ ಕಣ್ಣೆದುರೇ ಓಡಿಸ್ತೀನಿ. ಅವಳು ಬರೆದ ಕೊನೇ ಪ್ರೋಗ್ರಾಂ ಇದು. ಯಾರನ್ನಾದ್ರೂ ಪ್ರಮಾಣಪತ್ರ ಇಲ್ಲದೆ ಮೃತ ಅಂತ ಬರೆದಿದ್ರೆ ತೋರಿಸುತ್ತೆ. ಇಲ್ಲದಿದ್ರೆ ಖಾಲಿ. ಅರ್ಧ ಗಂಟೆ ಹಿಂದೆ ಖಾಲಿ ಇತ್ತು. ನೋಡಿ."

ಗುಂಡಿ ಒತ್ತಿದರು.

ಪಟ್ಟಿ ಖಾಲಿ ಇರಲಿಲ್ಲ.

ಒಂದೇ ಒಂದು ಸಾಲು. ಖಾತೆ ನಂಬರು ಹತ್ತೊಂಬತ್ತು. ಬದಲಾವಣೆ ಆದ ಹೊತ್ತು ಮೂರು ಐವತ್ತೆರಡು. ಮಾಡಿದ ಜಾಗ: ಕೌಂಟರ್.

ಮೇಡಂ ಗೋಡೆಯ ಗಡಿಯಾರ ನೋಡಿದರು. ಮೂರು ಐವತ್ತೆಂಟು.

"ಯಾರ ಖಾತೆ ಅದು?" ಎಂದರು. ದನಿ ಏರಿರಲಿಲ್ಲ.

ಮೇಷ್ಟ್ರು ಇನ್ನೊಂದು ಗುಂಡಿ ಒತ್ತಿದರು. ಹೆಸರು ಮೂಡಿತು. ಪರದೆಯನ್ನು ಮೆಲ್ಲಗೆ ಮ್ಯಾನೇಜರನ ಕಡೆ ತಿರುಗಿಸಿದರು.

ಅವನು ತನ್ನ ಹೆಸರನ್ನೇ ಗುರುತು ಸಿಗದವನಂತೆ ನೋಡಿದ. ಪಕ್ಕದಲ್ಲಿ ಕೆಂಪಕ್ಷರ. ಖಾತೆದಾರರು ಮೃತ.

"ನಾನು… ನಾನಿಲ್ಲೇ ಇದ್ದೀನಲ್ಲ," ಎಂದ. ಕೈಯಲ್ಲಿದ್ದ ಪೆನ್ನು ನೆಲಕ್ಕೆ ಬಿದ್ದು ಮೇಜಿನ ಕೆಳಗೆ ಉರುಳಿತು. ಯಾರೂ ಎತ್ತಲಿಲ್ಲ.

ಮೇಡಂ ಎರಡೇ ಹೆಜ್ಜೆಗೆ ಬಾಗಿಲು ತಲುಪಿ ದಡಾರನೆ ತೆರೆದರು.

ಹೊರಗೆ ಲೆಡ್ಜರ್ ಮಾಮ ಪಾಸ್‌ಬುಕ್ಕೊಂದಕ್ಕೆ ಮೊಹರು ಒತ್ತುತ್ತಿದ್ದ. ಟಪ್. ಟಪ್. ಕ್ಯಾಷಿಯರ್ ನೋಟಿನ ಕಟ್ಟು ಎಣಿಸುತ್ತಿದ್ದಳು. ಅವಳ ಮುಂದೊಂದು ಕಂಪ್ಯೂಟರ್, ಅವನ ಮುಂದೊಂದು. ಬಾಗಿಲ ಸದ್ದಿಗೆ ಇಬ್ಬರೂ ತಲೆಯೆತ್ತಲಿಲ್ಲ.

"ಭಾವ," ಎಂದಳು ಕ್ಯಾಷಿಯರ್, ಎಣಿಕೆ ನಿಲ್ಲಿಸದೆ. "ಮಾಮ ನಿಮಗೆ ಚಹಾ ತರಿಸಿದ್ದಾರೆ. ಆರಿ ಹೋಗ್ತಿದೆ. ಒಳಗೇ ಕೊಡಲಾ?"

ಮ್ಯಾನೇಜರ್ ಕುರ್ಚಿಯಿಂದ ಎದ್ದವನು ಮೇಡಂ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನನ್ನ ಅರೆಸ್ಟ್ ಮಾಡಿ ಮೇಡಂ," ಎಂದ, ಹೊರಗೆ ಕೇಳಿಸದಷ್ಟು ಮೆಲ್ಲಗೆ. "ಕೊಂದದ್ದು ನಾನೇ ಅಂತ ಬೇಕಾದ್ರೂ ಬರೆದುಕೊಳ್ಳಿ. ಮೊದಲು ಇಲ್ಲಿಂದ ಕರ್ಕೊಂಡು ಹೋಗಿ."